ಪತ್ರಿಕೆಯ ಒಡೆಯರೊಬ್ಬರ ಉಯಿಲು

ವೃತ್ತಪತ್ರಿಕೆಯು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಕೇಳುವವರು ವಿರಳ. ಯಂತ್ರವನ್ನು ಕೊಂಡವನದು, ಕಾಗದಕ್ಕೂ ಮಸಿಗೂ ಹಣ ತೆತ್ತವನದು ಎಂದು ವ್ಯವಹಾರಸ್ಥರು ಥಟ್ಟನೆ ಉತ್ತರ ಹೇಳಿಬಿಡುತ್ತಾರೆ. ಕಾನೂನಿನ ಕಣ್ಣಿಗೆ ಆ ಉತ್ತರ ಸರಿಯೇ ಇರಬಹುದು. ಆದರೆ ಒಡೆಯನು ಕಾಲವಾದ ಮೇಲೆ ಪತ್ರಿಕೆಯ ಗತಿ ಏನಾಗುತ್ತದೆಂಬುದನ್ನು ನೋಡಿದವರಿಗೆ ಅದರಿಂದ ತೃಪ್ತಿಯಾಗಲಾರದು. ಕೆಲವು ಪತ್ರಿಕೆಗಳು ಒಡೆಯನ ಉತ್ತರಕ್ರಿಯೆಯೊಡನೆಯೇ ಮುಗಿದುಹೋದವು. ಕೆಲವು ದಾಯಾದಿಗಳ ವ್ಯಾಜ್ಯಕ್ಕೆ ಸಿಕ್ಕಿ ಸೊರಗಿದವು. ಇನ್ನು ಕೆಲವು ಮಾರಾಟವಾಗಿ, ಗಿರಣಿ ಗಣಿ ಗುತ್ತಿಗೆಗಳ ಧಣಿಗಳ ಹೆಬ್ಬಾಗಿಲನ್ನು ಕಾಯುವ ಕೆಲಸಕ್ಕೆ ನಿಂತವು. ಲೋಕಾಭಿಪ್ರಾಯವನ್ನು ರೂಪಿಸತಕ್ಕ ಸಾಧನವೊಂದು ಎತ್ತಿನ ಜೋಡಿಯಂತೆ, ಮನೆಯ ಹಿತ್ತಿಲಿನಂತೆ, ಕೈಯಿಂದ ಕೈಗೆ ಹೋಗುವುದು ಯುಕ್ತವೇ? ಇದನ್ನು ವಿಚಾರಮಾಡುವುದಕ್ಕೆ ಪಂಜಾಬಿನ ಮಹನೀಯರೊಬ್ಬರ ಜೀವನಚರಿತ್ರೆಯು ನಮಗೆ ಬಹಳ ಮಟ್ಟಿಗೆ ಸಹಾಯಕವಾಗಿದೆ. ಅವರ ಹೆಸರು ಸರ್ದಾರ್ ದಯಾಳ ಸಿಂಗ್ ಮಜೀಠಿಯಾ. ಲಾಹೋರಿನ “ಟ್ರಿಬ್ಯೂನ್” ಪತ್ರಿಕೆಯ ಸ್ಥಾಪಕರೆಂದು ಉತ್ತರದೇಶದಲ್ಲಿ ಅವರ ಹೆಸರನ್ನು ಬಲ್ಲವರು ಅನೇಕರಿದ್ದಾರೆ. ದಕ್ಷಿಣದಲ್ಲಿ ಅವರ ಪರಿಚಯವುಳ್ಳವರು ಕಡಮೆ.

ದಯಾಳ ಸಿಂಗರು ಜನಿಸಿದ್ದು ೧೮೪೮ರಲ್ಲಿ, ಕಾಶೀಕ್ಷೇತ್ರದಲ್ಲಿ. ಅಮೃತಸರದ ಬಳಿಯ ಮಜೀಠಾ ಗ್ರಾಮದ ಮನೆತನ ಅವರದು. ತಾತ ದೇಸಾ ಸಿಂಗರೂ ತಂದೆ ಲೆಹನಾ ಸಿಂಗರೂ ಮಹಾರಾಜ ರಣಜಿತ್ ಸಿಂಹನ ಆಸ್ಥಾನದಲ್ಲಿ ದೊಡ್ಡ ಪದವಿಗಳಲ್ಲಿದ್ದವರು. ಲೆಹನಾ ಸಿಂಗರು ಬರಿಯ ಸರದಾರರಾಗಿರಲಿಲ್ಲ; ಫಿರಂಗಿಗಳನ್ನು ಎರಕಹೊಯ್ಯಿಸುವುದರಲ್ಲಿಯೂ, ಯಂತ್ರವಿದ್ಯೆಯಲ್ಲಿಯೂ, ಜ್ಯೋತಿಷ ಗಣಿತದಲ್ಲಿಯೂ ನಿಪುಣರೆಂದು ಹೆಸರಾದವರು. ರಣಜಿತನ ಮರಣಾನಂತರ ಲಾಹೋರಿನ ದರಬಾರು ಒಳಸಂಚು ಕೊಲೆಗಳ ಮನೆಯಾದಾಗ ಅವರು ಪಂಜಾಬನ್ನು ಬಿಟ್ಟು ಕಾಶಿಗೆ ಬಂದು ನೆಲೆಸಿದರು. ಮಗನು ಹುಟ್ಟಿದ ಮರುವರ್ಷವೇ ಪಂಜಾಬು ಬ್ರಿಟಿಷರ ವಶವಾಯಿತು. ೧೮೫೪ರಲ್ಲಿ ತಂದೆ ತೀರಿಕೊಂಡರು. ಬಾಲಕನ ಜಹಗೀರು ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯ ಆಡಳಿತಕ್ಕೆ ಸೇರಿತು. ಅಮೃತಸರದ ಮಿಷನ್ ಶಾಲೆಯಲ್ಲಿ ಓದು ಸಾಗಿತು. ಸೋತ ರಾಜ್ಯದ ಸರದಾರ ಮನೆತನಗಳ ಹುಡುಗರು ಆ ಕಾಲದಲ್ಲಿ ಸಾಮಾನ್ಯವಾಗಿ ಹಿಡಿದ ದಾರಿಗಳು ಎರಡು: ಬೇಟೆ ವಿಲಾಸಗಳಲ್ಲಿ ಉಳಿದ ಆಸ್ತಿಯನ್ನು ಕರಗಿಸುವುದು, ಇಲ್ಲವೇ ಸರಕಾರದ ಬಿರುದುಬಾವಲಿಗಳಿಗಾಗಿ ಕಲೆಕ್ಟರರ ಬಂಗಲೆಯ ಮುಂದೆ ಕಾದಿರುವುದು. ಈ ಯುವಕನು ಎರಡನ್ನೂ ಹಿಡಿಯಲಿಲ್ಲ. ಪ್ರಾಪ್ತವಯಸ್ಕನಾಗಿ ಆಸ್ತಿ ಕೈಗೆ ಬಂದ ಮೇಲೆ ೧೮೭೪ರಲ್ಲಿ ಇಂಗ್ಲೆಂಡಿಗೆ ಹೋಗಿ, ಎರಡು ವರ್ಷ ಅಲ್ಲಿದ್ದು, ಅಲ್ಲಿಯ ಜನರು ತಮ್ಮ ಸರಕಾರವನ್ನು ಪತ್ರಿಕೆಗಳ ಮೂಲಕವೂ ಸಭೆಗಳ ಮೂಲಕವೂ ಹೇಗೆ ಹತೋಟಿಯಲ್ಲಿಟ್ಟುಕೊಂಡಿದ್ದಾರೆಂಬುದನ್ನು ಕಣ್ಣಾರೆ ಕಂಡು ಹಿಂದಿರುಗಿದನು.

ಆ ಮೇಲಣ ಅವರ ಉದ್ಯೋಗವು ವಿನೋದಕರವಾಗಿದೆ. ಭೂಮಿಯ ಉತ್ಪನ್ನವನ್ನೇ ನೆಚ್ಚಿ ಕೂರದೆ ಅವರು ಲಾಹೋರ್ ಪಟ್ಟಣದಲ್ಲಿ ನಿವೇಶನಗಳನ್ನು ಕೊಂಡು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ರತ್ನಗಳ ವ್ಯಾಪಾರದಲ್ಲಿಯೂ ಕೈಹಾಕಿದರು. ಸರದಾರನಾದವನು ವ್ಯಾಪಾರಮಾಡುವುದೇ ಎಂದು ಮೂಗುಮುರಿದವರು ಇದ್ದಿರಬೇಕು. ಆದರೆ ಈ ವ್ಯಾಪಾರವಿಲ್ಲದೆ ಹೋಗಿದ್ದರೆ ಮುಂದಿನ ದಾನವೂ ಇರುತ್ತಿರಲಿಲ್ಲ. ದಾನಶೂರರನ್ನು ಹೊಗಳುವಾಗ ಅವರ ಸಂಪಾದನೆಯ ಚಾತುರ್ಯವನ್ನು ಮರೆಮಾಚುವುದು ನಮ್ಮ ಜನರ ಒಂದು ವಿಚಿತ್ರವಾದ ಸಂಕೋಚ. ಆ ಸಂಕೋಚಕ್ಕೆ ಕಾರಣವೇನೂ ನಮಗೆ ಕಾಣುವುದಿಲ್ಲ.

೧೮೭೭ರಲ್ಲಿ ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿಯವರು ಉತ್ತರ ಹಿಂದೂಸ್ಥಾನದಲ್ಲೆಲ್ಲ ಸಂಚರಿಸಿದರು. ಸಿವಿಲ್ ಸರ್ವಿಸ್ ಪರೀಕ್ಷೆಯ ವಯೋಮಿತಿಯನ್ನು ೨೧ರಿಂದ ೧೯ಕ್ಕೆ ಇಳಿಸಿದ್ದರಿಂದ ಭಾರತೀಯ ಯುವಕರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತಾಗಿದ್ದ ಕಾಲವದು. ಅದನ್ನು ಪ್ರತಿಭಟಿಸುವುದಕ್ಕಾಗಿ ನಡೆದ ಸಂಚಾರ. ಲಾಹೋರಿನಲ್ಲಿ ಸುರೇಂದ್ರನಾಥರಿಗೂ ದಯಾಳ ಸಿಂಗರಿಗೂ ಸ್ನೇಹ ಬೆಳೆಯಿತು. ಈ ಪ್ರಾಂತಕ್ಕೆ ಒಂದು ಪತ್ರಿಕೆ ಬೇಕು, ಅದನ್ನು ನೀವೇ ಹೊರಡಿಸಬೇಕು ಎಂದು ತಾವು ಒತ್ತಾಯಪಡಿಸಿದುದನ್ನೂ, ಅದರ ಮುದ್ರಣಯಂತ್ರವನ್ನು ಕಲ್ಕತ್ತೆಯಲ್ಲಿ ಕೊಂಡು ಕಳುಹಿಸಿದುದನ್ನೂ, ಮೊದಲ ಸಂಪಾದಕರನ್ನಾಗಿ ಶೀತಲಾಕಾಂತ ಚಟರ್ಜಿಯವರನ್ನು ಆರಿಸಿಕೊಟ್ಟುದನ್ನೂ ಸುರೇಂದ್ರನಾಥರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ೧೮೮೧ನೆಯ ಫೆಬ್ರವರಿ ೨ರಂದು “ಟ್ರಿಬ್ಯೂನ್” ವಾರಪತ್ರಿಕೆಯಾಗಿ ಹೊರಬಿದ್ದಿತು. ಹಣ ಪಂಜಾಬಿಯದು, ಯಂತ್ರವೂ ಲೇಖಣಿಯೂ ಬಂಗಾಳದವು. ಪ್ರಾಂತಾಭಿಮಾನದ ಮಾತು ಕಿವಿಗಡಚಿಕ್ಕುವ ಈ ದಿನಗಳಲ್ಲಿ ಈ ಸಂಗತಿಯನ್ನು ಜ್ಞಾಪಿಸುವುದು ಅನುಚಿತವಾಗಲಾರದು.

ಆಗ ಲಾಹೋರಿನಲ್ಲಿ ಪ್ರಬಲವಾಗಿದ್ದ ಇಂಗ್ಲಿಷ್ ಪತ್ರಿಕೆಯೆಂದರೆ “ಸಿವಿಲ್ ಅಂಡ್ ಮಿಲಿಟರಿ ಗೆಜೆಟ್”. ಅಧಿಕಾರಿಗಳ, ದಂಡಿನವರ, ಯೂರೋಪಿಯನ್ ವರ್ತಕರ ಅಭಿಪ್ರಾಯವೇ ಪಂಜಾಬಿನ ಅಭಿಪ್ರಾಯವೆಂದು ಅದು ಲೋಕಕ್ಕೆ ಸಾರುತ್ತಿದ್ದಿತು. ರಡ್ಯರ್ಡ್ ಕಿಪ್ಲಿಂಗನು ೧೮೮೨ರಲ್ಲಿ ಬಂದು ಸೇರಿ ಕೆಲಸ ಕಲಿತದ್ದು ಅದೇ ಕಚೇರಿಯಲ್ಲಿ. ಇಂಥ ಊರಿನಲ್ಲಿ, ೧೮೫೭ರ ನೆನಪು ಇನ್ನೂ ಆರದಿದ್ದ ಸೈನಿಕಪ್ರಾಂತದ ರಾಜಧಾನಿಯಲ್ಲಿ, ಜನರ ಪರವಾಗಿ ಮಾತನಾಡುವ ಪತ್ರಿಕೆಯನ್ನು ನಡೆಸುವುದೆಂದರೆ ಜಹಗೀರುದಾರನೊಬ್ಬನು ತನ್ನ ಜಹಗೀರನ್ನೇ ಪಣಕ್ಕೊಡ್ಡಿದಂತೆ. ದೇಶಭಾಷಾ ಪತ್ರಿಕೆಗಳ ಬಾಯಿಕಟ್ಟುವುದಕ್ಕಾಗಿ ಲಾರ್ಡ್ ಲಿಟ್ಟನನು ೧೮೭೮ರಲ್ಲಿ ಮಾಡಿದ ಕಾಯಿದೆ ೧೮೮೨ರವರೆಗೂ ಜಾರಿಯಲ್ಲಿದ್ದಿತೆಂಬುದನ್ನೂ ಮರೆಯತಕ್ಕದ್ದಲ್ಲ. ಪತ್ರಿಕೆ ಇಂಗ್ಲಿಷಿನಲ್ಲಿದ್ದುದರಿಂದ ಆ ಕಾಯಿದೆಯ ಕೈ ಅದನ್ನು ಮುಟ್ಟುವಂತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿದ್ದುದರಿಂದಲೇ ಹಳ್ಳಿಯ ರೈತನಿಗೆ ಅದು ಮುಟ್ಟುವಂತೆಯೂ ಇರಲಿಲ್ಲ. ಈ ಕೊರತೆಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಅದೇ ಸಂಸ್ಥೆಯು ಪಂಜಾಬಿಯಲ್ಲಿಯೂ ಹಿಂದಿಯಲ್ಲಿಯೂ ದಿನಪತ್ರಿಕೆಗಳನ್ನು ಹೊರಡಿಸಿದ್ದು ೧೯೭೮ರಲ್ಲಿ. ಅಂದರೆ ಸುಮಾರು ಒಂದು ಶತಮಾನದ ತರುವಾಯ.

ಪತ್ರಿಕೆ ಹೊರಟೊಡನೆ ಅದಕ್ಕೆ ಸಿಕ್ಕಿದ ಮೊದಲ ದೊಡ್ಡ ಯುದ್ಧವು ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದುದು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ವಿದ್ಯಾಸಂಸ್ಥೆಗೆ ಹಣ ಕೊಟ್ಟವರ ಹೆಸರುಗಳು ಕಲ್ಲಿನ ಮೇಲೆ ಬೇಕಾದಷ್ಟಿವೆ. ವಿದ್ಯಾಸಂಸ್ಥೆ ಹೇಗಿರಬೇಕೆಂದು ಹಣಕ್ಕೂ ಮೊದಲು ಜಗಳವಾಡಿದವರು ಅಪೂರ್ವ. ಮುಂಬಯಿಯ ಪ್ರೇಮಚಂದ ರಾಯಚಂದರು ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಪುಸ್ತಕಭಂಡಾರವನ್ನೂ, ತಾಯಿಯ ಹೆಸರಿನಲ್ಲಿ ರಾಜಾಬಾಯಿ ಗೋಪುರವನ್ನೂ ಕಟ್ಟಿಸಿಕೊಟ್ಟರು. ಅದು ಮಹಾದಾನವೇ ಸರಿ. ಆದರೆ ಆ ಕಟ್ಟಡದೊಳಗೆ ಏನನ್ನು ಕಲಿಸಬೇಕೆಂಬ ವಿಚಾರದಲ್ಲಿ ಅವರು ತಲೆಹಾಕಲಿಲ್ಲ. ದಯಾಳ ಸಿಂಗರ ರೀತಿ ಬೇರೆ.

ಲಾಹೋರಿನಲ್ಲಿ ಸರಕಾರಿ ಕಾಲೇಜು ೧೮೬೪ರಲ್ಲಿ ಪ್ರಾರಂಭವಾಗಿದ್ದಿತು. ಅದರ ಪ್ರಥಮ ಪ್ರಿನ್ಸಿಪಾಲರು ಡಾಕ್ಟರ್ ಲೈಟ್ನರ್ ಎಂಬವರು. ಹಂಗೇರಿಯಲ್ಲಿ ಹುಟ್ಟಿದವರು, ಅನೇಕ ಭಾಷೆಗಳಲ್ಲಿ ಪಾರಂಗತರು, ಪೌರಸ್ತ್ಯ ವಿದ್ಯೆಗಳಲ್ಲಿ ನಿಜವಾದ ಪ್ರೀತಿಯಿದ್ದವರು, ಹಿಡಿದ ಹಠವನ್ನು ಬಿಡದವರು. ಅವರ ಪ್ರಯತ್ನದಿಂದ ೧೮೬೯ರಲ್ಲಿ ಪಂಜಾಬ್ ಯೂನಿವರ್ಸಿಟಿ ಕಾಲೇಜು ಎಂಬುದೊಂದು ಏರ್ಪಟ್ಟಿತು; ಆದರೆ ಅದಕ್ಕೆ ಪದವಿಗಳನ್ನು ಕೊಡುವ ಅಧಿಕಾರವಿರಲಿಲ್ಲ, ವಿದ್ಯಾರ್ಥಿಗಳು ಕಲ್ಕತ್ತೆಯ ಪರೀಕ್ಷೆಗಳಿಗೇ ಕೂರಬೇಕಾಗಿದ್ದಿತು. ಅದನ್ನು ಪೂರ್ಣ ವಿಶ್ವವಿದ್ಯಾನಿಲಯವನ್ನಾಗಿ ಮಾಡುವ ಪ್ರಸ್ತಾಪ ಬಂದಾಗ ಲೈಟ್ನರರ ಪಕ್ಷದವರು ಅದು ಮುಖ್ಯವಾಗಿ ಪೌರಸ್ತ್ಯ ವಿಶ್ವವಿದ್ಯಾನಿಲಯವಾಗಬೇಕು, ಸಂಸ್ಕೃತ ಅರಬ್ಬಿ ಪಾರಸಿಗಳ ವ್ಯಾಸಂಗಕ್ಕೆ ಪ್ರಾಧಾನ್ಯವಿರಬೇಕು, ಉಳಿದ ಶಾಸ್ತ್ರಗಳನ್ನು ದೇಶಭಾಷೆಯಲ್ಲಿ ಬೋಧಿಸಬೇಕು ಎಂದರು. ದಯಾಳ ಸಿಂಗರೂ ಅವರ ಪತ್ರಿಕೆಯೂ ಇದನ್ನು ಬಲವಾಗಿ ವಿರೋಧಿಸಿದರು. ಕಲ್ಕತ್ತೆ ಮುಂಬಯಿ ಮದರಾಸುಗಳ ಯುವಕರು ಪಾಶ್ಚಾತ್ಯ ವಿಜ್ಞಾನವನ್ನೂ ರಾಜ್ಯಶಾಸ್ತ್ರವನ್ನೂ ಇಂಗ್ಲಿಷಿನ ಮೂಲಕ ಕಲಿತು ವಕೀಲಿ, ವೈದ್ಯ, ಅಧಿಕಾರ ಪದವಿಗಳಿಗೆ ಏರುತ್ತಿರುವಾಗ ಪಂಜಾಬಿನ ಮಕ್ಕಳಿಗೆ ಮಾತ್ರ ಹಳೆಯ ವಿದ್ಯೆಯೇ ಸಾಕೆಂದು ಹೇಳುವುದು, ಅವರನ್ನು ಎಂದೆಂದಿಗೂ ಹಿಂದಿನ ಸಾಲಿನಲ್ಲಿ ಕೂರಿಸುವ ಉಪಾಯವಲ್ಲದೆ ಬೇರೆಯಲ್ಲವೆಂಬುದು ಅವರ ವಾದ. ವಾರವಾರವೂ ಈ ವಾದ ನಡೆಯಿತು. ಕಡೆಗೆ ೧೮೮೨ನೆಯ ಅಕ್ಟೋಬರ್ ೧೪ರಂದು ಪಂಜಾಬ್ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಪೌರಸ್ತ್ಯ ವಿಭಾಗವೂ ಉಳಿಯಿತು, ಇಂಗ್ಲಿಷ್ ಮೂಲಕ ನಡೆಯುವ ಉಚ್ಚ ಶಿಕ್ಷಣದ ಮಾರ್ಗವೂ ತೆರೆದಿಟ್ಟಿತು.

ಇಲ್ಲಿ ಕನ್ನಡ ವಾಚಕರು ನಮ್ಮನ್ನು ತಡೆದು ಕೇಳಬಹುದು: ಶಿಕ್ಷಣವು ಮಾತೃಭಾಷೆಯಲ್ಲಿ ನಡೆಯಬೇಕೆಂದು ಸಾರುವವರು ನೀವು, ಇಂಗ್ಲಿಷಿನ ಪಕ್ಷವನ್ನು ಹಿಡಿದ ಈ ಸರದಾರರನ್ನು ಹೇಗೆ ಹೊಗಳುತ್ತೀರಿ? ಪ್ರಶ್ನೆ ನ್ಯಾಯವಾದದ್ದು. ಮಾತೃಭಾಷೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬದಲಾಗಿಲ್ಲ. ಆದರೆ ಲೈಟ್ನರರು ನೀಡಬಂದುದು ಪಂಜಾಬಿನ ಮನೆಮಾತನ್ನಲ್ಲವೆಂಬುದನ್ನು ಮೊದಲು ಗಮನಿಸಬೇಕು. ಅರಬ್ಬಿಯೂ ಸಂಸ್ಕೃತವೂ ಪಂಡಿತರ ಭಾಷೆಗಳು. ಪಂಜಾಬಿನ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಸರಕಾರವು ಬಳಕೆಗೆ ತಂದ ಉರ್ದುವು ಆ ಪ್ರಾಂತದ ಬಹುಜನರ ತಾಯ್ನುಡಿಯಲ್ಲ. ಎರಡನೆಯದಾಗಿ, ವಿದ್ಯೆಯನ್ನು ದೇಶಭಾಷೆಗೆ ತರುವ ಕೆಲಸವು ಆ ವಿದ್ಯೆಯನ್ನು ಪೂರ್ಣವಾಗಿ ಕೈವಶಮಾಡಿಕೊಂಡವರಿಂದ ಆಗತಕ್ಕುದೇ ಹೊರತು, ಅದರ ಬಾಗಿಲನ್ನೇ ಕಾಣದವರಿಂದ ಆಗತಕ್ಕುದಲ್ಲ. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಹುಟ್ಟಿದಾಗಲೂ ಅದರ ಬೋಧನೆ ಇಂಗ್ಲಿಷಿನಲ್ಲಿಯೇ ಇದ್ದಿತು. ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು ಆ ತರಗತಿಗಳಿಂದಲೇ ಹೊರಬಂದವರು. ಇಷ್ಟನ್ನು ಒಪ್ಪಿಯೂ ಒಂದು ಮಾತನ್ನು ಹೇಳಬೇಕು: ದಯಾಳ ಸಿಂಗರ ವಾದವು ೧೮೮೨ಕ್ಕೆ ಸರಿಯಾದ ವಾದ. ಅದನ್ನು ಇಂದಿನ ದಿನಕ್ಕೆ ತಂದು, ಕನ್ನಡ ಶಾಲೆಗಳಿಗೆ ಬೀಗಹಾಕುವುದಕ್ಕೆ ಸಾಕ್ಷಿಯನ್ನಾಗಿ ಕರೆಯುವವರು ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ.

ಪಟ್ಟಣದ ಸಾರ್ವಜನಿಕ ಜೀವನದಲ್ಲಿ ಅವರ ಕೈ ಇಲ್ಲದ ಕಾರ್ಯವು ಕಡಮೆ. ಇಂಡಿಯನ್ ಅಸೋಸಿಯೇಷನ್ನಿನ ಲಾಹೋರು ಶಾಖೆಗೂ, ಬ್ರಹ್ಮಸಮಾಜಕ್ಕೂ ಅವರು ಆಧಾರಸ್ತಂಭದಂತಿದ್ದರು. ೧೮೯೩ನೆಯ ಡಿಸೆಂಬರಿನಲ್ಲಿ ಕಾಂಗ್ರೆಸ್ ಮಹಾಸಭೆಯು ಮೊದಲ ಸಲ ಲಾಹೋರಿನಲ್ಲಿ ಸೇರಿದಾಗ ಸ್ವಾಗತ ಸಮಿತಿಯ ಅಧ್ಯಕ್ಷರು ಅವರು. ಮಹಾಸಭೆಯ ಅಧ್ಯಕ್ಷರು ಆಗತಾನೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾಗಿ ಬಂದ ದಾದಾಭಾಯಿ ನವರೋಜಿಯವರು. ಮರುವರ್ಷ ಪಂಜಾಬ್ ನ್ಯಾಷನಲ್ ಬ್ಯಾಂಕು ನೋಂದಣಿಯಾಗಿ, ೧೮೯೫ನೆಯ ಏಪ್ರಿಲ್ ೧೨ರಂದು ಲಾಹೋರಿನಲ್ಲಿ ಬಾಗಿಲು ತೆರೆಯಿತು. ಭಾರತೀಯರ ಬಂಡವಾಳದಿಂದಲೇ ಹುಟ್ಟಿ, ಭಾರತೀಯರಿಂದಲೇ ನಡೆದು, ಇಂದಿನವರೆಗೂ ಉಳಿದುಬಂದಿರುವ ಬ್ಯಾಂಕು ಅದು. ಅದರ ಮೊದಲ ನಿರ್ದೇಶಕ ಮಂಡಲಿಯ ಅಧ್ಯಕ್ಷರೂ ದಯಾಳ ಸಿಂಗರೇ. ಆ ಮಂಡಲಿಯಲ್ಲಿ ಬಂಗಾಳಿಗಳಿದ್ದರು, ಪಾರಸಿಗಳಿದ್ದರು, ಪಂಜಾಬಿನ ಹಿಂದೂಗಳಿದ್ದರು. ಪತ್ರಿಕೆ, ವಿದ್ಯೆ, ಹಣಕಾಸು ಇವು ಮೂರೂ ಪರರ ಕೈಯಲ್ಲಿರುವವರೆಗೆ ರಾಜಕೀಯ ಭಾಷಣಗಳಿಂದ ಆಗತಕ್ಕುದು ಅಲ್ಪವೆಂಬುದನ್ನು ಅವರು ಕಂಡುಕೊಂಡಿದ್ದರೆಂದು ತೋರುತ್ತದೆ.

ಅವರಿಗೆ ಮಕ್ಕಳಿರಲಿಲ್ಲ. ೧೮೯೫ನೆಯ ಜೂನ್ ೧೫ರಂದು, ತಮ್ಮ ನಲವತ್ತೇಳನೆಯ ವಯಸ್ಸಿನ ಸುಮಾರಿನಲ್ಲಿ, ಅವರು ಉಯಿಲನ್ನು ಬರೆದರು. ಈ ವಯಸ್ಸಿಗೆ ನಮ್ಮಲ್ಲಿ ಉಯಿಲಿನ ಮಾತೆತ್ತಿದರೆ ಮನೆಯವರು ಶಾಂತಿ ಮಾಡಿಸಲು ಪುರೋಹಿತರನ್ನು ಕರೆಯುತ್ತಾರೆ. ಆ ದಸ್ತಾವೇಜಿನಲ್ಲಿ ಮೂರು ನಿಕ್ಷೇಪಗಳು ಮುಖ್ಯವಾದುವು. ಲಾಹೋರಿನಲ್ಲಿ ಉತ್ತಮ ದರ್ಜೆಯ ಕಾಲೇಜೊಂದನ್ನು ಸ್ಥಾಪಿಸಿ ನಡೆಸುವುದಕ್ಕೆ ಒಂದು, ಸಾರ್ವಜನಿಕ ಪುಸ್ತಕಭಂಡಾರಕ್ಕೆ ಒಂದು, ಮೂರನೆಯದು ಪತ್ರಿಕೆಗೆ. ಕಾಲೇಜಿಗೂ ಪುಸ್ತಕಭಂಡಾರಕ್ಕೂ ದತ್ತಿ ಬಿಡುವುದು ಅಸಾಧಾರಣವಲ್ಲ. ಪತ್ರಿಕೆಯನ್ನೇ ದತ್ತಿಯನ್ನಾಗಿ ಮಾಡಿದುದು ಅಸಾಧಾರಣ. ಮುದ್ರಣಾಲಯವನ್ನೂ ಪತ್ರಿಕೆಯನ್ನೂ ಧರ್ಮದರ್ಶಿಗಳ ವಶಕ್ಕೆ ಒಪ್ಪಿಸಿ, ಅವೆರಡನ್ನೂ ದಕ್ಷವಾದ ಸ್ಥಿತಿಯಲ್ಲಿಡಬೇಕೆಂದೂ, ಪತ್ರಿಕೆಯ ಉದಾರ ನೀತಿಯನ್ನು ಬಿಡದೆ ನಡೆಸಬೇಕೆಂದೂ, ಖರ್ಚು ಕಳೆದು ಉಳಿದ ಆದಾಯವನ್ನು ಪತ್ರಿಕೆಯ ಅಭಿವೃದ್ಧಿಗೂ ಶಾಶ್ವತತೆಗೂ ಮಾತ್ರವೇ ವಿನಿಯೋಗಿಸಬೇಕೆಂದೂ ಅವರು ವಿಧಿಸಿದರು. ಲಾಭವನ್ನು ಮನೆಗೆ ಒಯ್ಯುವ ಹಕ್ಕು ಯಾರಿಗೂ ಇಲ್ಲ. ಒಡೆತನವೆಂಬುದನ್ನು ಒಡೆಯನೇ ತನ್ನ ಕೈಯಾರೆ ಕೊನೆಗಾಣಿಸಿದ ಪತ್ರ ಅದು.

೧೮೯೮ನೆಯ ಸೆಪ್ಟೆಂಬರ್ ೯ರಂದು ದಯಾಳ ಸಿಂಗರು ಕಾಲವಾದರು. ಉಯಿಲಿನ ಮೇಲೆ ವ್ಯಾಜ್ಯ ಹುಟ್ಟಿತು. ಇಷ್ಟು ದೊಡ್ಡ ಆಸ್ತಿ ಮನೆತನದಿಂದ ಹೊರಗೆ ಹೋಗುವಾಗ ಹುಟ್ಟದಿದ್ದರೆ ಆಶ್ಚರ್ಯ. ಪತ್ನಿ ರಾಣಿ ಭಗವಾನ್ ಕೌರ್ ಅವರು ತಕರಾರು ಎತ್ತಿದರು. ಸಿಖ್ಖರ ಮನೆಯಲ್ಲಿ ಹುಟ್ಟಿ, ಬ್ರಹ್ಮಸಮಾಜದಲ್ಲಿ ಒಲವಿಟ್ಟು, ಊಟೋಪಚಾರಗಳಲ್ಲಿ ಕಟ್ಟುಪಾಡುಗಳನ್ನು ಲೆಕ್ಕಿಸದಿದ್ದ ಇವರು ಕಾಯಿದೆಯ ದೃಷ್ಟಿಯಲ್ಲಿ ಹಿಂದುವೇ ಅಲ್ಲವೇ ಎಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ೧೯೦೩ರಲ್ಲಿ ಅಲ್ಲಿಯ ನ್ಯಾಯಾಧೀಶರು, ಆಹಾರ ಆಚಾರಗಳಲ್ಲಿ ವ್ಯತ್ಯಾಸವಾದ ಮಾತ್ರಕ್ಕೆ ಆತನು ಹಿಂದುವಲ್ಲವೆಂದಾಗುವುದಿಲ್ಲ ಎಂದು ತೀರ್ಮಾನಿಸಿದರು. ಆ ತೀರ್ಪು ಇಂದಿಗೂ ಹಿಂದೂ ಕಾಯಿದೆಯನ್ನು ಓದುವ ವಿದ್ಯಾರ್ಥಿಗಳಿಗೆ ಪರಿಚಿತ. ಅದರ ಶೀರ್ಷಿಕೆಯಲ್ಲಿ ಪ್ರತಿವಾದಿಯಾಗಿ ಕಾಣುವ ಜೆ. ಸಿ. ಬೋಸರು ಪ್ರಸಿದ್ಧ ವಿಜ್ಞಾನಿಗಳಲ್ಲ. ಉಯಿಲನ್ನು ಜಾರಿಗೆ ತಂದ ಜೋಗೇಂದ್ರಚಂದ್ರ ಬೋಸರು. ರಾಣಿಯವರನ್ನು ದೂಷಿಸುವವರನ್ನು ನಾವು ಕಂಡಿದ್ದೇವೆ. ಆ ಕಾಲದ ಹೆಂಗಸೊಬ್ಬಳು, ಗಂಡನ ಅಪಾರವಾದ ಆಸ್ತಿಯು ಕಣ್ಣೆದುರಿಗೇ ಪರಕೀಯರ ಕೈಸೇರುವುದನ್ನು ನೋಡಿ ನ್ಯಾಯಸ್ಥಾನಕ್ಕೆ ಹೋದುದರಲ್ಲಿ ನಿಂದ್ಯವಾದುದೇನೂ ನಮಗೆ ಕಾಣುವುದಿಲ್ಲ. ದಾನಿಗಳು ತಮ್ಮ ಮನೆಯವರಿಗೆ ಮೊದಲೇ ತಿಳಿಯಹೇಳಿ, ಅವರನ್ನು ಒಡಂಬಡಿಸಿಕೊಳ್ಳುವುದು ಒಳ್ಳೆಯದೆಂಬುದನ್ನಷ್ಟೇ ಈ ವ್ಯಾಜ್ಯ ತೋರಿಸುತ್ತದೆ.

ಕಾಲೇಜು ೧೯೧೦ರಲ್ಲಿ ಪ್ರಾರಂಭವಾಗಿ ಪಂಜಾಬ್ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಲಾಹೋರಿನಲ್ಲಿ ಆಗ ಆರ್ಯಸಮಾಜದವರಿಗೆ ಡಿ. ಎ. ವಿ. ಕಾಲೇಜು, ಮುಸಲ್ಮಾನರಿಗೆ ಇಸ್ಲಾಮಿಯಾ ಕಾಲೇಜು, ಪಾದ್ರಿಗಳದು ಫೋರ್ಮನ್ ಕಾಲೇಜು. ಹೀಗೆ ಒಂದೊಂದು ಮತಕ್ಕೆ ಒಂದೊಂದು. ದಯಾಳ ಸಿಂಗ್ ಕಾಲೇಜು ಯಾವ ಒಂದು ಜಾತಿಮತದ ಸ್ವತ್ತೂ ಆಗಲಿಲ್ಲ. ಇತ್ತ ಪತ್ರಿಕೆಯು ೧೯೦೬ರಲ್ಲಿ ದಿನಪತ್ರಿಕೆಯಾಯಿತು. ೧೯೧೯ರಲ್ಲಿ ಪಂಜಾಬಿನ ಮೇಲೆ ಸೈನ್ಯಶಾಸನ ಬಿದ್ದಾಗ ಅದರ ಸಂಪಾದಕ ಕಾಳೀನಾಥ ರಾಯರು ತಮ್ಮ ಲೇಖನಗಳಿಗಾಗಿ ಸೆರೆಮನೆಗೆ ಹೋದರು; ಅವರಿಗಾದ ಅನ್ಯಾಯವನ್ನು ಗಾಂಧೀಜಿಯವರು “ಯಂಗ್ ಇಂಡಿಯಾ”ದಲ್ಲಿ ಎತ್ತಿ ಹಿಡಿದರು. ಒಡೆಯನು ಬದುಕಿರುವ ಪತ್ರಿಕೆಗಳಲ್ಲಿ ಇಂಥ ಸಮಯ ಬಂದಾಗ ಸಂಪಾದಕನನ್ನು ಬಿಟ್ಟುಕೊಟ್ಟು ಒಡೆತನವನ್ನು ಉಳಿಸಿಕೊಳ್ಳುವುದು ಲೋಕಾರೂಢಿ. ಇಲ್ಲಿ ಉಳಿಸಿಕೊಳ್ಳತಕ್ಕ ಒಡೆಯನೇ ಇರಲಿಲ್ಲ. ಸೆರೆಯಿಂದ ಬಂದ ರಾಯರು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು.

ಆ ಉಯಿಲಿನ ಅರ್ಥವನ್ನು ಪೂರ್ತಿಯಾಗಿ ಬಿಡಿಸಿ ಹೇಳಿದವರು, ವಿಚಿತ್ರವೆಂದರೆ, ಆದಾಯತೆರಿಗೆಯ ಅಧಿಕಾರಿಗಳು. ಪತ್ರಿಕೆಯು ಚಂದಾ ವಸೂಲುಮಾಡುತ್ತದೆ, ಜಾಹೀರಾತುಗಳಿಂದ ಹಣ ಗಳಿಸುತ್ತದೆ, ಲಾಭವೂ ಉಳಿಯುತ್ತದೆ. ಹೀಗಿರುವಾಗ ಇದು ಧರ್ಮಕಾರ್ಯವೆಂದು ವಿನಾಯಿತಿ ಕೊಡುವುದು ಹೇಗೆ? ಪತ್ರಿಕೆಯದು ರಾಜಕೀಯವಲ್ಲವೆ? ಹೀಗೆಂದು ಅವರು ತೆರಿಗೆಯನ್ನು ಕೇಳಿದರು. ಈ ವಿವಾದವೂ ಪ್ರಿವಿ ಕೌನ್ಸಿಲನ್ನು ಮುಟ್ಟಿತು. ೧೯೩೯ರಲ್ಲಿ ತೀರ್ಪಾಯಿತು: ಪತ್ರಿಕೆಯಿಂದ ಯಾವೊಬ್ಬನಿಗೂ ಖಾಸಗಿ ಲಾಭವಾಗತಕ್ಕುದಲ್ಲವೆಂಬುದೇ ಸ್ಥಾಪಕನ ಉದ್ದೇಶ, ವಿದ್ಯಾವಂತರ ಲೋಕಾಭಿಪ್ರಾಯಕ್ಕೆ ಮುಖವಾಣಿಯೊಂದನ್ನು ಪ್ರಾಂತಕ್ಕೆ ಒದಗಿಸುವುದು ಸಾರ್ವಜನಿಕ ಉಪಯುಕ್ತತೆಯ ಕಾರ್ಯ, ಚಂದಾ ಪಡೆದ ಮಾತ್ರಕ್ಕೆ ಅದರ ಧರ್ಮಸ್ವರೂಪವು ಕೆಡುವುದಿಲ್ಲ, ಆದಕಾರಣ ಅದಕ್ಕೆ ತೆರಿಗೆಯಿಲ್ಲ. ಆ ಸಾಮ್ರಾಜ್ಯವನ್ನು ಐವತ್ತೆಂಟು ವರ್ಷಗಳಿಂದ ಟೀಕಿಸುತ್ತ ಬಂದ ಪತ್ರಿಕೆಯನ್ನು ಅದೇ ಸಾಮ್ರಾಜ್ಯದ ಅತ್ಯುನ್ನತ ನ್ಯಾಯಪೀಠವು ಬಾವಿ ಕೆರೆ ಆಸ್ಪತ್ರೆಗಳ ಸಾಲಿಗೆ ಸೇರಿಸಿತು. ಅಲ್ಲಿಂದೀಚೆಗೆ ನಮ್ಮ ದೇಶದ ನ್ಯಾಯಸ್ಥಾನಗಳಲ್ಲಿ ಧರ್ಮದತ್ತಿಯ ತೆರಿಗೆಯ ಪ್ರಶ್ನೆ ಬಂದಾಗಲೆಲ್ಲ ಈ ತೀರ್ಪಿನ ಪ್ರಸ್ತಾಪ ಬಾರದೆ ಇರುವುದಿಲ್ಲ.

೧೯೪೭ರ ಆಗಸ್ಟಿನಲ್ಲಿ ದೇಶ ಒಡೆಯಿತು, ಲಾಹೋರು ಪರದೇಶವಾಯಿತು. ಪತ್ರಿಕೆ ನಿಂತಿತು. ಮನೆಗಳು, ಯಂತ್ರಗಳು, ಚಂದಾದಾರರು, ಅರುವತ್ತಾರು ವರ್ಷಗಳ ಸಂಪಾದನೆ ಎಲ್ಲವೂ ಆ ಕಡೆ ಉಳಿದುವು. ಸಾಮಾನ್ಯವಾದ ವ್ಯಾಪಾರಸಂಸ್ಥೆಯಾಗಿದ್ದರೆ ಲೆಕ್ಕ ಮುಗಿಸಿ ಪರಿಹಾರಕ್ಕೆ ಅರ್ಜಿ ಹಾಕುತ್ತಿದ್ದರು. ಆದರೆ ಉಯಿಲಿನಲ್ಲಿದ್ದುದು ಪತ್ರಿಕೆಯನ್ನು ನಡೆಸಬೇಕೆಂಬ ಆಜ್ಞೆ. ಸೆಪ್ಟೆಂಬರ್ ೨೫ರಂದು ಸಿಮ್ಲಾದಿಂದ “ಟ್ರಿಬ್ಯೂನ್” ಮತ್ತೆ ಹೊರಟಿತು. ೧೯೪೮ರಲ್ಲಿ ಅಂಬಾಲೆಗೂ, ೧೯೬೯ರಲ್ಲಿ ಚಂಡೀಗಢಕ್ಕೂ ಬಂದು ನೆಲೆಗೊಂಡಿತು. ಕಾಲೇಜಿನ ಧರ್ಮದರ್ಶಿಗಳು ೧೯೪೯ರಲ್ಲಿ ಕರ್ನಾಲಿನಲ್ಲಿಯೂ ೧೯೫೯ರಲ್ಲಿ ದೆಹಲಿಯಲ್ಲಿಯೂ ದಯಾಳ ಸಿಂಗ್ ಕಾಲೇಜುಗಳನ್ನು ತೆರೆದರು. ಮನುಷ್ಯನೊಬ್ಬನು ತನ್ನ ಊರಿಗೆಂದು ಬಿಟ್ಟ ದತ್ತಿಯು ಆ ಊರನ್ನೇ ಕಳೆದುಕೊಂಡು ಮೂರು ಊರುಗಳಲ್ಲಿ ಚಿಗುರಿದುದು ನಮ್ಮ ಕಾಲದ ಆಶ್ಚರ್ಯಗಳಲ್ಲೊಂದು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಪತ್ರಿಕೆ ವಿದ್ಯೆಗಳೆರಡಕ್ಕೂ ಜೀವವನ್ನು ತೇದವರು ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು (೧೮೪೪–೧೯೩೩) ದಯಾಳ ಸಿಂಗರಿಗಿಂತ ನಾಲ್ಕು ವರ್ಷ ಹಿರಿಯರು. ಅವರು ನಡೆಸಿದ “ವೃತ್ತಾಂತ ಚಿಂತಾಮಣಿ” ಇಂದು ಹಳೆಯ ಸಂಪುಟಗಳಲ್ಲಿ ಮಾತ್ರ ಉಂಟು. ಅವರು ದುಡಿದ ಮರಿಮಲ್ಲಪ್ಪ ಶಾಲೆಯೂ, ಅವರು ಪೋಷಿಸಿದ ಅನಾಥಾಲಯವೂ ಮೈಸೂರಿನಲ್ಲಿ ನಡೆಯುತ್ತಿವೆ. ಕಾರಣವು ಸ್ಪಷ್ಟ. ಶಾಲೆಗೆ ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿದ್ದಿತು. ಅನಾಥರಿಗೆ ಅನ್ನವಿಡುವುದು ಪುಣ್ಯವೆಂದು ಜನ ಬಲ್ಲರು. ಪತ್ರಿಕೆಗೆ ದತ್ತಿ ಬಿಡುವುದೂ ಒಂದು ಪುಣ್ಯವೆಂಬ ಭಾವನೆ ನಮ್ಮ ಶ್ರೀಮಂತರಲ್ಲಿ ಬೇರೂರಲಿಲ್ಲ. ಉತ್ತರ ಕರ್ನಾಟಕದಲ್ಲಿ ಲೋಕಶಿಕ್ಷಣ ಟ್ರಸ್ಟಿನ ಆಶ್ರಯದಲ್ಲಿ “ಸಂಯುಕ್ತ ಕರ್ನಾಟಕ”ವು ನಡೆದುಬಂದುದು ಈ ದೃಷ್ಟಿಯಿಂದ ಗಮನಾರ್ಹವಾದ ಅಪವಾದ. ಕಲ್ಯಾಣಮಂಟಪಕ್ಕೆ, ಗೋಪುರದ ಕಳಶಕ್ಕೆ ಲಕ್ಷಗಟ್ಟಲೆ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾಲ್ಲೂಕಿನ ಪತ್ರಿಕೆಯೊಂದಕ್ಕೆ ಒಂದು ಮುದ್ರಣಯಂತ್ರವನ್ನು ಶಾಶ್ವ­ತವಾಗಿ ಬಿಟ್ಟುಕೊಟ್ಟ ಮನೆಗಳನ್ನು ಎಣಿಸುವುದಕ್ಕೆ ಒಂದು ಕೈಯ ಬೆರಳುಗಳು ಹೆಚ್ಚು.

ಧರ್ಮದರ್ಶಿಗಳ ಕೈಗೆ ಕೊಟ್ಟೊಡನೆ ಪತ್ರಿಕೆ ಶುದ್ಧವಾಗುತ್ತದೆಂದು ನಾವು ಹೇಳುವುದಿಲ್ಲ. ಧರ್ಮಸಂಸ್ಥೆಗಳಲ್ಲಿ ಕುರ್ಚಿಗಾಗಿ ನಡೆಯುವ ಕಾದಾಟವನ್ನು ಕಾಣದವರು ಯಾರು? ಒಡೆಯನಿಲ್ಲದ ಮನೆಯಲ್ಲಿ ಎಲ್ಲರೂ ಒಡೆಯರಾಗುವ ಅಪಾಯವೂ ಉಂಟು. ಚುರುಕಾದ ಒಡೆಯನು ಒಂದು ದಿನದಲ್ಲಿ ಮಾಡುವ ನಿಶ್ಚಯಕ್ಕೆ ಧರ್ಮದರ್ಶಿಗಳ ಸಭೆಯು ಒಂದು ವರ್ಷ ತೆಗೆದುಕೊಳ್ಳುವುದೂ ಉಂಟು. ಆದರೂ ಭೇದವೊಂದಿದೆ. ಖಾಸಗಿ ಒಡೆಯನು ದಾರಿ ತಪ್ಪಿದರೆ ಓದುಗನು ಮಾಡಬಹುದಾದುದು ಚಂದಾ ನಿಲ್ಲಿಸುವುದೊಂದೇ. ಧರ್ಮದರ್ಶಿಯು ತಪ್ಪಿದರೆ ಅವನ ಮುಂದೆ ಸ್ಥಾಪಕನ ಲಿಖಿತವಾದ ಆಜ್ಞೆಯನ್ನು ಹಿಡಿದು, ಇದನ್ನು ನೀನು ಮೀರಿದ್ದೀಯೆ ಎಂದು ಕೇಳುವ ಹಾದಿ ತೆರೆದಿರುತ್ತದೆ. ನೂರಾರು ಕೋಟಿ ರೂಪಾಯಿಗಳ ವ್ಯವಹಾರಗಳುಳ್ಳವರು ಪತ್ರಿಕೆಗಳನ್ನೂ ದೂರದರ್ಶನ ವಾಹಿನಿಗಳನ್ನೂ ಕೊಂಡು ಮಾರುತ್ತಿರುವ ಈ ದಿನಗಳಲ್ಲಿ ಆ ಹಾದಿಯ ಬೆಲೆಯೇನೆಂಬುದನ್ನು ವಾಚಕರೇ ಅಳೆಯಲಿ. ಪತ್ರಿಕಾದತ್ತಿಗಳಿಗೆ ೧೯೩೯ರ ತೀರ್ಪಿನಂಥ ಆಸರೆಯು ಕಾಯಿದೆಯಲ್ಲಿಯೇ ಸ್ಪಷ್ಟವಾಗಿ ದೊರೆಯುವಂತೆ ಮಾಡುವುದಕ್ಕಾಗಿ ನಮ್ಮ ಪ್ರತಿನಿಧಿಗಳು ಪಾರ್ಲಿಮೆಂಟಿನಲ್ಲಿ ಒತ್ತಾಯಪಡಿಸುವುದು ಅವಶ್ಯಕ. ವಿಶ್ವವಿದ್ಯಾನಿಲಯಗಳೂ ಪತ್ರಿಕೋದ್ಯಮದ ತರಗತಿಗಳನ್ನು ತೆರೆದುದಷ್ಟಕ್ಕೇ ತೃಪ್ತರಾಗದೆ, ಪತ್ರಿಕೆಗಳ ಒಡೆತನದ ಚರಿತ್ರೆಯನ್ನು ಪಾಠಕ್ರಮದಲ್ಲಿ ಸೇರಿಸಬೇಕು. ಯಾರು ಬರೆದರೆಂಬುದರ ಜೊತೆಗೆ ಯಾರ ಯಂತ್ರದಲ್ಲಿ ಅಚ್ಚಾಯಿತೆಂಬುದನ್ನೂ ವಿದ್ಯಾರ್ಥಿಗಳು ತಿಳಿಯಬೇಕು.

ಕಡೆಗೆ ದಾನಿಯ ಹೆಸರಿನ ವಿಷಯ. ೨೦೧೭ನೆಯ ನವೆಂಬರಿನಲ್ಲಿ ದೆಹಲಿಯ ದಯಾಳ ಸಿಂಗ್ ಸಂಜೆ ಕಾಲೇಜನ್ನು ಹಗಲಿನ ಕಾಲೇಜನ್ನಾಗಿ ಮಾಡುವ ಸಂದರ್ಭದಲ್ಲಿ, ಅದರ ಆಡಳಿತ ಮಂಡಲಿಯು ಹಳೆಯ ಹೆಸರನ್ನು ತೆಗೆದು “ವಂದೇ ಮಾತರಂ ಮಹಾವಿದ್ಯಾಲಯ”ವೆಂದು ಕರೆಯುವುದಾಗಿ ನಿಶ್ಚಯಿಸಿತು. ಆ ಮಂತ್ರದಲ್ಲಿ ನಮಗಿರುವ ಪೂಜ್ಯಭಾವವನ್ನು ಯಾರಿಗೂ ಪ್ರಮಾಣಮಾಡಿ ತೋರಿಸಬೇಕಾಗಿಲ್ಲ. ಆದರೆ ಲಾಹೋರಿನಲ್ಲಿ ಕಾಂಗ್ರೆಸ್ಸನ್ನು ಬರಮಾಡಿಕೊಂಡ ಮಹನೀಯನ ಹೆಸರನ್ನು ಅಳಿಸಿ ಅದರ ಜಾಗದಲ್ಲಿ ದೇಶಭಕ್ತಿಯ ಹೆಸರನ್ನು ಬರೆಯುವುದು ಯಾವ ಬಗೆಯ ದೇಶಭಕ್ತಿಯೋ ನಮಗೆ ತಿಳಿಯಲಿಲ್ಲ. ಎಲ್ಲ ಕಡೆಗಳಿಂದಲೂ ಆಕ್ಷೇಪಣೆಗಳು ಬಂದುವು. ಕೇಂದ್ರ ಸರಕಾರವು ನಡುವೆ ಬಂದು ತಡೆಯಿತು. ಆ ಸಲ ಹೆಸರು ಉಳಿಯಿತು. ಲಾಹೋರಿನ ಕಾಲೇಜನ್ನು ಪಾಕಿಸ್ತಾನದ ಸರಕಾರವು ೧೯೭೨ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ಬಾಗಿಲಿನ ಮೇಲಿನಿಂದ ದಯಾಳ ಸಿಂಗರ ಹೆಸರನ್ನು ಮಾತ್ರ ತೆಗೆಯಲಿಲ್ಲ.